ಆಶಾ ಕಾರ್ಯಕರ್ತೆಯ ಕೈಗೆ ತಿಂಗಳಿಗೆ ಎಷ್ಟು ಸೇರುತ್ತದೆ?

ಆಶಾ ಕಾರ್ಯಕರ್ತೆಯರು ಮುಷ್ಕರಕ್ಕೆ ಕೂತಾಗಲೆಲ್ಲ ಸುದ್ದಿಯಲ್ಲಿ ಒಂದೊಂದು ಕಡೆ ಒಂದೊಂದು ಅಂಕಿ ಕಾಣುತ್ತದೆ. ಒಬ್ಬರು 5,000 ಅನ್ನುತ್ತಾರೆ, ಇನ್ನೊಬ್ಬರು 7,000, ಮತ್ತೊಬ್ಬರು 10,000. ಓದಿದವರಿಗೆ ಸಹಜವಾಗಿ ಅನುಮಾನ: ಇಷ್ಟು ಕೊಡ್ತಿದ್ದಾರಲ್ಲ, ಮತ್ಯಾಕೆ ಬೀದಿಗೆ ಬರ್ತಾರೆ? ತಮಾಷೆ ಏನೆಂದರೆ ಈ ಅಂಕಿಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಒಂದು ದುಡ್ಡು ರಾಜ್ಯ ಸರ್ಕಾರದ್ದು. ಇನ್ನೊಂದು ಕೇಂದ್ರದ್ದು. ಮೂರನೆಯದು ಆ ತಿಂಗಳು ಎಷ್ಟು ಹೆರಿಗೆ, ಎಷ್ಟು ಲಸಿಕೆ, ಎಷ್ಟು ಮನೆ ಭೇಟಿ ಆಯಿತು ಅನ್ನುವುದರ ಮೇಲೆ ಬರುವಂಥದ್ದು. ಇವುಗಳಲ್ಲಿ ಯಾವುದನ್ನು ಕೂಡಿಸಿದರು, ಯಾವುದನ್ನು ಬಿಟ್ಟರು ಅನ್ನುವುದರ ಮೇಲೆ ಮೊತ್ತ ಬದಲಾಗುತ್ತದೆ. ಸಂಬಳ ಅಂತ ಒಂದೇ ಸಾಲಿನಲ್ಲಿ ಬರೆಯಬಹುದಾಗಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಆದರೆ ಆ ಪದವನ್ನು ಆಶಾ ಯೋಜನೆಯ ಕಡತದಲ್ಲಿ ಯಾವತ್ತೂ ಬರೆದಿಲ್ಲ. ಯಾಕೆ ಬರೆದಿಲ್ಲ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1977ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮುದಾಯ ಆರೋಗ್ಯ ಕಾರ್ಯಕರ್ತ ಅನ್ನುವ ಯೋಜನೆ ತಂದಿತು. ಹಳ್ಳಿಯವರೇ ಆದ ಒಬ್ಬರಿಗೆ ತರಬೇತಿ ಕೊಟ್ಟು, ಸಣ್ಣಪುಟ್ಟ ಔಷಧಿಯ ಪೆಟ್ಟಿಗೆ ಕೈಗಿಟ್ಟು, ತಿಂಗಳಿಗೆ 50 ರೂಪಾಯಿ ಗೌರವಧನ ಕೊಡುವುದು. ಆಯ್ಕೆಯಾದವರಲ್ಲಿ ಹೆಚ್ಚಿನವರು ಗಂಡಸರು. ಬೇಗನೇ ಅವರು ಸಂಘಟಿತರಾಗಿ ಸಂಬಳ ಕೇಳತೊಡಗಿದರು. ಯೋಜನೆಯ ಹೆಸರಿನಲ್ಲಿದ್ದ ಕಾರ್ಯಕರ್ತ 1980ರಲ್ಲಿ ಸ್ವಯಂಸೇವಕನಾದ, 1981ರಲ್ಲಿ ಗ್ರಾಮ ಆರೋಗ್ಯ ಮಾರ್ಗದರ್ಶಿಯಾದ. 50 ರೂಪಾಯಿ 50 ಆಗಿಯೇ ಉಳಿಯಿತು. ನಿಧಾನಕ್ಕೆ ಯೋಜನೆಯೇ ಸೊರಗಿತು.

ಅದಕ್ಕೂ ಎರಡು ವರ್ಷ ಮೊದಲು, 1975ರಲ್ಲಿ, ಅಂಗನವಾಡಿಗಳು ಶುರುವಾಗಿದ್ದವು. ದೇಶದ ಮೊದಲ 33 ಪ್ರಾಯೋಗಿಕ ಬ್ಲಾಕ್‌ಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಅಲ್ಲೂ ಗೌರವಧನವೇ, ಅಲ್ಲೂ ಸಂಬಳ ಕೇಳುವ ಹೋರಾಟವೇ. 2002ರಲ್ಲಿ ಛತ್ತೀಸ್‌ಗಢ ಮಿತಾನಿನ್ ಅಂತ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿತು. 2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಇವೆಲ್ಲದರ ಅನುಭವ ಮುಂದಿತ್ತು. ಆಶಾ ಹುಟ್ಟಿದ್ದು ಆಗ. ಸಾವಿರ ಜನಸಂಖ್ಯೆಗೆ ಒಬ್ಬರು. ಅದೇ ಊರಲ್ಲಿ ನೆಲೆಸಿದ ಹೆಂಗಸಾಗಿರಬೇಕು, 25ರಿಂದ 45ರ ವಯಸ್ಸು, ಸ್ವಲ್ಪ ಓದು ಬರಹ.

ತಿಂಗಳ ದುಡ್ಡು ಇಲ್ಲ, ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ ಮಾತ್ರ ಅಂತ ನಿಯಮ ಮಾಡಿದ್ದು ಬೇಕಂತಲೇ. ಸ್ವಯಂಸೇವಕಿ ದಿನಕ್ಕೆ ಎರಡು ಮೂರು ಗಂಟೆ ಬಿಡುವಿನಲ್ಲಿ ಕೆಲಸ ಮಾಡುತ್ತಾಳೆ, ಮಾಡಿದಷ್ಟಕ್ಕೆ ದುಡ್ಡು ಕೊಟ್ಟರೆ ಹುರುಪೂ ಇರುತ್ತದೆ, ಸರ್ಕಾರದ ಮೇಲೆ ಖಾಯಂ ನೌಕರರ ಹೊರೆಯೂ ಬೀಳುವುದಿಲ್ಲ ಅನ್ನುವ ಲೆಕ್ಕ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಕರ್ನಾಟಕದಲ್ಲಿ ಆಶಾಗಳ ಆಯ್ಕೆ ದೊಡ್ಡದಾಗಿ ನಡೆದದ್ದು 2008ರ ಆಸುಪಾಸಿನಲ್ಲಿ. ಗುಲಾಬಿ ಸೀರೆ ಊರೂರಲ್ಲಿ ಕಾಣತೊಡಗಿತು.

ಇಲ್ಲಿಂದ ಲೆಕ್ಕ ಬಿಡಿ ಬಿಡಿಯಾಗುತ್ತದೆ. ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಒಂದು ಹೆರಿಗೆಗೆ ಆಶಾಗೆ 600 ರೂಪಾಯಿ. ಅದರಲ್ಲಿ 300 ಬಸುರಿನ ತಪಾಸಣೆಗಳು ಸರಿಯಾಗಿ ಆದದ್ದಕ್ಕೆ, ಉಳಿದ 300 ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ದಕ್ಕೆ. ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ಮಗುವಿನ ತೂಕ, ಮೈ ಬಿಸಿ, ಹಾಲು ಕುಡಿಯುವುದನ್ನು ನೋಡಬೇಕು. ಆರು ಭೇಟಿಗೂ ಸೇರಿ 250. ಅಂದರೆ ಒಂದು ಭೇಟಿಗೆ 42 ರೂಪಾಯಿಯೂ ಇಲ್ಲ. ಅದೂ ಕೊನೆಯ ಭೇಟಿ ಆದ ಮೇಲೆಯೇ. ಒಂದು ವರ್ಷದೊಳಗೆ ಎಲ್ಲ ಲಸಿಕೆ ಹಾಕಿಸಿದರೆ 100, ಎರಡನೇ ವರ್ಷದ್ದಕ್ಕೆ 75. ಹೊಸ ಕ್ಷಯ ರೋಗಿ ಚಿಕಿತ್ಸೆ ಮುಗಿಸುವವರೆಗೆ ಜೊತೆಗಿದ್ದರೆ 1,000. ಪಟ್ಟಿ ಹೀಗೇ ಬೆಳೆಯುತ್ತದೆ. ಹೊಸ ಕಾರ್ಯಕ್ರಮ ಬಂದಾಗಲೆಲ್ಲ ಹೊಸ ಸಾಲು, ಹೊಸ ದರ.

ಒಂದೊಂದು ಸಾಲಿಗೂ ಷರತ್ತು ಉಂಟು. ಕರ್ನಾಟಕ ಆಸ್ಪತ್ರೆ ಹೆರಿಗೆಯಲ್ಲಿ ಮುಂದಿರುವ ರಾಜ್ಯಗಳ ಗುಂಪಿನಲ್ಲಿದೆ. ಈ ಗುಂಪಿನಲ್ಲಿ ಜನನಿ ಸುರಕ್ಷಾ ಸಿಗುವುದು ಬಿಪಿಎಲ್ ಮತ್ತು ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಮಾತ್ರ. ಉಳಿದ ಬಸುರಿಯರ ಮನೆಗೂ ಆಶಾ ಹೋಗಲೇಬೇಕು, ಅಲ್ವಾ? ಹೋಗುತ್ತಾರೆ. ಆ ಸಾಲಿನ ದುಡ್ಡು ಮಾತ್ರ ಬರುವುದಿಲ್ಲ. ಎಂಟು ತಿಂಗಳು ನೋಡಿಕೊಂಡ ಬಸುರಿಯನ್ನು ಕೊನೆಗೆ ಮನೆಯವರು ಖಾಸಗಿ ನರ್ಸಿಂಗ್ ಹೋಮ್‌ಗೆ ಕರೆದೊಯ್ದರೆ ಎರಡನೇ 300ರ ಆಸೆ ಬಿಟ್ಟ ಹಾಗೆಯೇ. ಇನ್ನು ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ. ಬಸುರಿಯ ಹೆಸರು ಒಂದು ಊರಿನ ಪುಸ್ತಕದಲ್ಲಿ, ಹೆರಿಗೆ ಬೇರೆ ತಾಲ್ಲೂಕಿನಲ್ಲಿ, ಬಾಣಂತನ ಇನ್ನೊಬ್ಬ ಆಶಾ ನೋಡಿಕೊಳ್ಳುವ ಕೇರಿಯಲ್ಲಿ. ದುಡ್ಡು ಯಾರಿಗೆ? ಎಷ್ಟೋ ಸಲ ಇಬ್ಬರಿಗೂ ಇಲ್ಲ.

ದಿಲ್ಲಿಯಲ್ಲಿ ಕೂತು ದರಪಟ್ಟಿ ಮಾಡಿದವರಿಗೆ ಸೀಮಂತ, ತವರು, ಬಾಣಂತನ ಇವೆಲ್ಲ ನೆನಪಾಗಲಿಲ್ಲವೋ ಏನೋ.

ಇದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಅದರ ಬಗ್ಗೆ ಮಾತು ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2005-06ರಲ್ಲಿ ನೂರಕ್ಕೆ 65ರಷ್ಟು ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು 97. ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿದೆ. ಈ ಬದಲಾವಣೆಯಲ್ಲಿ ಆಶಾಗಳ ಪಾಲು ದೊಡ್ಡದು. ಆದರೆ ಅವರ ದರಪಟ್ಟಿ ನಿಂತಿರುವುದೇ ಹೆರಿಗೆ ಮತ್ತು ಮಗುವಿನ ಮೇಲೆ. ಸಾವಿರ ಜನರಿರುವ ಊರಲ್ಲಿ ಈಗ ವರ್ಷಕ್ಕೆ ಹೆಚ್ಚೆಂದರೆ 16-17 ಮಕ್ಕಳು ಹುಟ್ಟುತ್ತಾರೆ. ತಿಂಗಳಿಗೆ ಒಂದೂವರೆ ಹೆರಿಗೆಯೂ ಇಲ್ಲ. ಅದರಲ್ಲೂ ಎಷ್ಟೋ ತವರಿಗೆ. ಕೆಲಸ ಚೆನ್ನಾಗಿ ಆದಷ್ಟೂ ಗಳಿಕೆ ಕಡಿಮೆಯಾಗುವ ಏರ್ಪಾಡು ಇದು. ಬಿಪಿ, ಶುಗರ್ ಸಮೀಕ್ಷೆ, ಸೊಳ್ಳೆ ಲಾರ್ವಾ ಸಮೀಕ್ಷೆ, ಕುಷ್ಠರೋಗ ಪತ್ತೆ ಅಂತ ಕೆಲಸ ಬೇರೆ ದಿಕ್ಕಿಗೆ ಬೆಳೆಯಿತು. ದರ ಅದೇ ವೇಗದಲ್ಲಿ ಬೆಳೆಯಲಿಲ್ಲ.

ದುಡ್ಡು ಕೈಗೆ ಬರುವ ದಾರಿಯೂ ಉದ್ದ. ಆಶಾ ಫಾರಂ ತುಂಬಬೇಕು. ಉಪಕೇಂದ್ರದ ಸಿಸ್ಟರ್ ಸಹಿ ಹಾಕಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಒಪ್ಪಬೇಕು. ಮೊದಲು ಇದು ವೋಚರ್ ಮತ್ತು ಚೆಕ್ಕಿನಲ್ಲಿ ನಡೆಯುತ್ತಿತ್ತು. ನಡುವೆ ಕೈ ಜಾರುವ ದುಡ್ಡಿನ ದೂರು ಇತ್ತು. ಅದನ್ನು ತಪ್ಪಿಸಲು ಬಂದದ್ದು ಆಶಾ ನಿಧಿ ಅನ್ನುವ ತಂತ್ರಾಂಶ. ದುಡ್ಡು ನೇರ ಬ್ಯಾಂಕ್ ಖಾತೆಗೆ. ಇದು ಒಳ್ಳೆಯ ಹೆಜ್ಜೆ, ಅನುಮಾನ ಬೇಡ. ತೊಂದರೆ ಬಂದದ್ದು ಇದನ್ನು ತಾಯಿ ಮತ್ತು ಮಗುವಿನ ದಾಖಲೆ ಇಡುವ ಆರ್‌ಸಿಎಚ್ ಪೋರ್ಟಲ್‌ಗೆ ಜೋಡಿಸಿದಾಗ. ಪೋರ್ಟಲ್‌ನಲ್ಲಿ ಆ ಭೇಟಿ, ಆ ಲಸಿಕೆ ನಮೂದಾಗಿದ್ದರೆ ಮಾತ್ರ ಆಶಾಗೆ ದುಡ್ಡು. ನಮೂದು ಮಾಡುವವರು ಆಶಾ ಅಲ್ಲ. ಡೇಟಾ ಎಂಟ್ರಿಗೆ ಜನ ಇಲ್ಲದಿದ್ದರೆ, ನೆಟ್‌ವರ್ಕ್ ಇಲ್ಲದಿದ್ದರೆ, ತಾಯಿ ಕಾರ್ಡಿನ ಸಂಖ್ಯೆ ತಾಳೆಯಾಗದಿದ್ದರೆ, ಮಾಡಿದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಇವೆರಡನ್ನೂ ಬೇರೆ ಮಾಡಿ ಅನ್ನುವುದು ವರ್ಷಗಳ ಕಾಲ ಆಶಾ ಸಂಘದ ಬೇಡಿಕೆಯಾಗಿತ್ತು. ಹೊರಗಿನವರು ಗೌರವಧನ ಏರಿಸಿ ಅನ್ನುವ ಕೂಗನ್ನಷ್ಟೇ ಕೇಳಿಸಿಕೊಂಡರು. ಒಳಗಿದ್ದವರಿಗೆ, ದುಡಿದದ್ದೇ ಬರುತ್ತಿಲ್ಲವಲ್ಲ ಅನ್ನುವುದು ಹೆಚ್ಚು ಉರಿಯುವ ವಿಷಯ.

ಬರೀ ಬಿಡಿ ಕೆಲಸದ ದುಡ್ಡಿನಿಂದ ಯಾರನ್ನೂ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ ಅಂತ ಸರ್ಕಾರಗಳಿಗೂ ಕ್ರಮೇಣ ಗೊತ್ತಾಯಿತು. 2013ರಲ್ಲಿ ಕೇಂದ್ರ ತಿಂಗಳಿಗೆ 1,000 ರೂಪಾಯಿಯ ನಿಗದಿತ ಪ್ರೋತ್ಸಾಹಧನ ತಂದಿತು. ಸಭೆಗೆ ಹಾಜರಿ, ಮನೆಗಳ ಪಟ್ಟಿ ಬರೆದಿಡುವುದು ಇಂಥ ಕೆಲಸಗಳಿಗೆ. 2018ರ ಅಕ್ಟೋಬರ್‌ನಿಂದ ಅದು 2,000 ಆಯಿತು. ರಾಜ್ಯಗಳು ತಮ್ಮ ಪಾಲು ಬೇರೆ ಸೇರಿಸಿದವು. 2019ರಲ್ಲಿ ಆಂಧ್ರಪ್ರದೇಶ ಒಟ್ಟು 10,000ಕ್ಕೆ ಏರಿಸಿತು. ಪಕ್ಕದ ರಾಜ್ಯದ ಆ ಅಂಕಿ ನಮ್ಮಲ್ಲಿ ಇವತ್ತಿಗೂ ಅಳತೆಗೋಲು. ಕರ್ನಾಟಕ ಸರ್ಕಾರದ ಪಾಲು 2020ರಲ್ಲಿ 4,000 ಇತ್ತು. ಆ ವರ್ಷದ ಜನವರಿ 3ರಂದು ಸಾವಿರಾರು ಆಶಾಗಳು ಬೆಂಗಳೂರಿಗೆ ಬಂದು, ಬಾಕಿ ಕೊಡಿ, ತಿಂಗಳಿಗೆ 12,000 ನಿಗದಿ ಮಾಡಿ ಅಂತ ಕೇಳಿದರು.

ಎರಡೂವರೆ ತಿಂಗಳಲ್ಲಿ ಕೊರೊನಾ ಬಂತು.

ಮಾರ್ಚ್ 22ರ ಸಂಜೆ ಊರೆಲ್ಲ ಚಪ್ಪಾಳೆ ತಟ್ಟಿತು, ಜಾಗಟೆ ಬಾರಿಸಿತು. ಕೇಂದ್ರ 50 ಲಕ್ಷದ ವಿಮೆ ಘೋಷಿಸಿತು. ಅದು ಸತ್ತರೆ ಕುಟುಂಬಕ್ಕೆ ಸಿಗುವಂಥದ್ದು, ಕಾಯಿಲೆ ಬಿದ್ದು ಬದುಕಿದವರಿಗೆ ಅಲ್ಲ. ಕೋವಿಡ್ ಕೆಲಸಕ್ಕೆ ತಿಂಗಳಿಗೆ 1,000 ರೂಪಾಯಿ ವಿಶೇಷ ಪ್ರೋತ್ಸಾಹಧನ ಬಂತು. ರಾಜ್ಯದಲ್ಲಿ ಒಂದು ಸಲಕ್ಕೆ ಅಂತ 3,000 ರೂಪಾಯಿ ಘೋಷಣೆಯಾಯಿತು. ಅದರ ದುಡ್ಡು ಸಹಕಾರ ಸಂಸ್ಥೆಗಳಿಂದ ಹೊಂದಿಸಿದ್ದು. ಜಿಲ್ಲೆ ಜಿಲ್ಲೆಗಳಲ್ಲಿ ಸಮಾರಂಭ ಮಾಡಿ ಹಂಚಲಾಯಿತು. ಕೊಟ್ಟದ್ದು ಬೇಡ ಅಂತ ಯಾರೂ ಹೇಳಲಿಲ್ಲ. ಆದರೆ ಸಮಾರಂಭದಲ್ಲಿ ಸಿಗುವ ದುಡ್ಡು ಮತ್ತು ತಿಂಗಳ ಮೊದಲ ವಾರ ಖಾತೆಗೆ ಬೀಳುವ ದುಡ್ಡು ಎರಡೂ ಒಂದೇ ಅಲ್ಲ. ಮಗಳ ಕಾಲೇಜು ಫೀಸನ್ನು ಎರಡನೆಯದನ್ನು ನಂಬಿ ಕಟ್ಟಬಹುದು, ಮೊದಲನೆಯದನ್ನು ನಂಬಿ ಆಗುವುದಿಲ್ಲ.

ಅದೇ ವರ್ಷದ ಜುಲೈನಲ್ಲಿ ಏನಾಯಿತು ನೋಡಿ. ತಿಂಗಳ ಮೊದಲ ವಾರ ಕೇಂದ್ರ ಆರೋಗ್ಯ ಸಚಿವಾಲಯ ಕರ್ನಾಟಕದ 42,000 ಆಶಾಗಳನ್ನು ಹೊಗಳಿ ಪ್ರಕಟಣೆ ಹೊರಡಿಸಿತು. ವಯಸ್ಸಾದವರು, ಬಸುರಿಯರು, ಬೇರೆ ಕಾಯಿಲೆ ಇರುವವರನ್ನು ಗುರುತಿಸಲು ಇವರು ಸುಮಾರು 1.59 ಕೋಟಿ ಮನೆಗಳ ಸಮೀಕ್ಷೆಗೆ ನೆರವಾಗಿದ್ದರು ಅಂತ. ಜುಲೈ 10ಕ್ಕೆ ಅದೇ 42,000 ಜನರ ಸಂಘಟನೆ ಮುಷ್ಕರ ಶುರು ಮಾಡಿತು. ಬೇಡಿಕೆ ಜನವರಿಯದ್ದೇ, 12,000. ಜೊತೆಗೆ ಮಾಸ್ಕ್, ಗ್ಲೌಸ್, ಸ್ಯಾನಿಟೈಸರ್. ತಿಂಗಳ ಕೊನೆಗೆ ಭರವಸೆಗಳ ಮೇಲೆ ಕೆಲಸಕ್ಕೆ ಮರಳಿದರು. 2021ರ ಎರಡನೇ ಅಲೆಯಲ್ಲಿ ಮತ್ತೆ ಒಂದು ಸಲದ 3,000. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು.

ಕಾನೂನಿನ ಕಡೆ ಹೆಚ್ಚು ಹೇಳುವಂಥದ್ದಿಲ್ಲ. 2006ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ, ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರು ಅಂತ ಒಪ್ಪಿ ಕನಿಷ್ಠ ವೇತನ ಕೊಡಿ ಅಂತ ಶಿಫಾರಸು ಮಾಡಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತ ಸಭೆ ಅದು. 2022ರಲ್ಲಿ ಅಂಗನವಾಡಿಯವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಸಿಗಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು. ಆಶಾಗಳು ಈ ತೀರ್ಪಿನ ಹೊರಗೆ. ಸಂಸತ್ತಿನಲ್ಲಿ ಪ್ರಶ್ನೆ ಬಂದಾಗಲೆಲ್ಲ ಉತ್ತರ ಒಂದೇ: ಆಶಾಗಳು ಸ್ವಯಂಸೇವಕಿಯರು. ದಿಲ್ಲಿಯಲ್ಲಿ ಆಳುವ ಪಕ್ಷ ಬದಲಾಗಿದೆ, ಬೆಂಗಳೂರಲ್ಲಿ ಹಲವು ಸಲ ಬದಲಾಗಿದೆ. ಈ ಉತ್ತರ ಬದಲಾಗಿಲ್ಲ.

ಆಮೇಲಿನದ್ದು ಬಹುಪಾಲು ಸೇರ್ಪಡೆಗಳ ಕಥೆ. 2022ರ ರಾಜ್ಯ ಬಜೆಟ್‌ನಲ್ಲಿ ಒಂದು ಸಾವಿರ ಏರಿ ರಾಜ್ಯದ ಪಾಲು 5,000 ಆಯಿತು. 2023ರ ಚುನಾವಣೆ ಹೊತ್ತಿಗೆ ಅದನ್ನು 8,000 ಮಾಡುವ ಮಾತು ಕೇಳಿಬಂತು. 2025ರ ಜನವರಿ 7ರಿಂದ ಆಶಾಗಳು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕೂತರು. ಈ ಸಲ ಕೇಳಿದ್ದು 15,000. ನಾಲ್ಕನೇ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಜೊತೆ ಮಾತುಕತೆಯಾಗಿ, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಸಿಗುವಂತೆ ನೋಡಿಕೊಳ್ಳುವ ಭರವಸೆ ಸಿಕ್ಕಿತು. ಮುಷ್ಕರ ಮುಗಿಯಿತು. ಅದೇ ಹೊತ್ತಿಗೆ ಕೇರಳದಲ್ಲೂ ಬಿಸಿ ಏರಿತು. ತಿರುವನಂತಪುರದ ಸಚಿವಾಲಯದ ಮುಂದೆ ಫೆಬ್ರವರಿಯಲ್ಲಿ ಶುರುವಾದ ಧರಣಿ ನವೆಂಬರ್‌ವರೆಗೆ ನಡೆಯಿತು. ಕೊನೆಗೆ ಅಲ್ಲಿ ಗೌರವಧನ 7,000ದಿಂದ 8,000ಕ್ಕೆ ಏರಿತು.

ಇತ್ತ ಕೇಂದ್ರ ಕೂಡ 2025ರಲ್ಲಿ ತನ್ನ ನಿಗದಿತ 2,000ವನ್ನು 3,500ಕ್ಕೆ ಏರಿಸುವ ತೀರ್ಮಾನ ಮಾಡಿತು. ಹತ್ತು ವರ್ಷ ದುಡಿದು ಬಿಡುವವರಿಗೆ ಕೊಡುವ ಇಡಿಗಂಟನ್ನು 20,000ದಿಂದ 50,000ಕ್ಕೆ ಹೆಚ್ಚಿಸಿತು. ಆದರೂ ಆಗಸ್ಟ್‌ನಲ್ಲಿ ಕರ್ನಾಟಕದ ಆಶಾಗಳು ಮತ್ತೆ ಫ್ರೀಡಂ ಪಾರ್ಕ್‌ಗೆ ಬಂದರು. ಜನವರಿಯ ಮಾತು ಇನ್ನೂ ಖಾತೆಗೆ ಬಂದಿಲ್ಲ ಅನ್ನುವುದು ಅವರ ದೂರು.

ಇಲ್ಲಿಗೆ, ಅಂದರೆ 2025ರ ಆಗಸ್ಟ್ ಹೊತ್ತಿನ ಲೆಕ್ಕ, ಕೂಡಿಸಿ ನೋಡೋಣ. ರಾಜ್ಯದ 5,000, ಕೇಂದ್ರದ 3,500. ಒಟ್ಟು 8,500. ಮಾತು ಕೊಟ್ಟ 10,000ಕ್ಕೆ ಇನ್ನೂ 1,500 ಬೇಕು. ಈ 1,500 ಅನ್ನು ಎಲ್ಲರಿಗೂ ನಿಗದಿಯಾಗಿ ಕೊಟ್ಟರೆ ಹೆರಿಗೆ, ಲಸಿಕೆ, ಮನೆ ಭೇಟಿಯ ದುಡ್ಡು ಅದರ ಮೇಲೆ ಬರುತ್ತದೆ. ಹಾಗಲ್ಲದೆ ಆ ಬಿಡಿ ದುಡ್ಡನ್ನೂ 10,000ದ ಒಳಗೇ ಹಿಡಿದು, ಕಡಿಮೆ ಬಿದ್ದಷ್ಟನ್ನು ಮಾತ್ರ ತುಂಬಿಕೊಟ್ಟರೆ, ತಿಂಗಳಿಡೀ ಓಡಾಡಿ 1,500 ದುಡಿದವಳಿಗೂ 10,000, ಆ ತಿಂಗಳು ಊರಲ್ಲಿ ಒಂದೂ ಹೆರಿಗೆ ಆಗದವಳಿಗೂ 10,000. ಪೋರ್ಟಲ್‌ನಲ್ಲಿ ನಮೂದಾಗದೆ ಬಿಟ್ಟುಹೋದ ಕೆಲಸಕ್ಕೆ ಎರಡರಲ್ಲೂ ಜಾಗ ಇಲ್ಲ.