ಪದ ಪರಿಚಯ: ಮಾತ್ರೆಯೊಳಗಿನ ಸರ್ಫ್ಯಾಕ್ಟೆಂಟ್

ಅಡಿಕೆಗೆ ಕೊಳೆರೋಗ ಬಾರದಿರಲೆಂದು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ಅದಕ್ಕೆ ರಾಳದ ಅಂಟು ಬೆರೆಸುತ್ತಾರೆ, ಅಲ್ವಾ? ಬರೀ ದ್ರಾವಣವಾದರೆ ನುಣುಪು ಕಾಯಿಯ ಮೇಲಿಂದ ಹನಿಹನಿಯಾಗಿ ಜಾರಿಹೋಗುತ್ತದೆ. ಅಂಟು ಸೇರಿದರೆ ತೆಳ್ಳಗೆ ಹರಡಿ ಕೂರುತ್ತದೆ. ಸೋಪಿನ ಜಾತಿಯ ವಸ್ತುವಾದ ಸರ್ಫ್ಯಾಕ್ಟೆಂಟ್ ಮಾಡುವ ಮೊದಲ ಕೆಲಸವೂ ಇದೇ. ಅದರ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ಎಣ್ಣೆಗೆ.

ಮಾತ್ರೆಗೆ ಇದು ಯಾಕೆ ಬೇಕು? ಈಗಿನ ಎಷ್ಟೋ ಔಷಧಿಗಳು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ದುಡಿದು ಗಜಕರ್ಣ ಹತ್ತಿಸಿಕೊಂಡವರಿಗೆ ಡಾಕ್ಟರು ಬರೆದುಕೊಡುವ ಇಟ್ರಾಕೊನಜೋಲ್ ಅಂಥದ್ದು. ಅದರ ಕ್ಯಾಪ್ಸೂಲ್ ಬಿಚ್ಚಿದರೆ ಸಾಮಾನ್ಯವಾಗಿ ಪುಡಿ ಸಿಗುವುದಿಲ್ಲ, ಸಣ್ಣ ಸಣ್ಣ ಗುಂಡು ಕಾಳು ಉದುರುತ್ತವೆ. ಸಕ್ಕರೆಯ ಕಾಳಿನ ಮೇಲೆ ಔಷಧಿ, ಪಾಲಿಮರ್ ಎರಡನ್ನೂ ಒಟ್ಟಿಗೆ ಲೇಪಿಸಿರುತ್ತಾರೆ. (ಸುಮ್ನೆ ಬಿಚ್ಚಿ ನೋಡಬೇಡಿ, ದುಬಾರಿ ಮಾಲು!) ಪಾಲಿಮರಿನ ಉದ್ದ ಸರಪಳಿಗಳ ನಡುವೆ ಔಷಧಿಯ ಅಣುಗಳು ಬಿಡಿಬಿಡಿಯಾಗಿ ಸಿಕ್ಕಿಕೊಂಡಿರುತ್ತವೆ, ಹರಳು ಕಟ್ಟುವುದಿಲ್ಲ. ಹರಳಾಗದ ಔಷಧಿ ಬೇಗ ಕರಗುತ್ತದೆ.

ಕೆಲವು ಮಾತ್ರೆಗಳಲ್ಲಿ, ಹೊಟ್ಟೆಯ ನೀರು ಚೆನ್ನಾಗಿ ತಾಗಿ ಔಷಧಿ ಕರಗಲೆಂದು, ಈ ಮಿಶ್ರಣಕ್ಕೆ ಸರ್ಫ್ಯಾಕ್ಟೆಂಟನ್ನೂ ಹಾಕುತ್ತಾರೆ. ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಪಡೆದ ಎಚ್‌ಐವಿ ಮಾತ್ರೆ ಕಲೆಟ್ರಾದಲ್ಲಿ ಕೊಪೊವಿಡೋನ್ ಎಂಬ ಪಾಲಿಮರ್ ಜೊತೆ ಸಾರ್ಬಿಟಾನ್ ಲಾರೇಟ್ ಎಂಬ ಸರ್ಫ್ಯಾಕ್ಟೆಂಟ್ ಇದೆ. ಅದೇ ಔಷಧಿಯ ಹಿಂದಿನ ಕ್ಯಾಪ್ಸೂಲನ್ನು ಫ್ರಿಜ್‌ನಲ್ಲಿಡಬೇಕಿತ್ತು, ಈ ಮಾತ್ರೆಗೆ ಅದು ಬೇಡ.

ತೊಡಕು ಇರುವುದು ಮಾತ್ರೆ ಇನ್ನೂ ಒಣಗಿದ್ದಾಗಲೇ. ಸರ್ಫ್ಯಾಕ್ಟೆಂಟಿನ ಪುಟ್ಟ ಅಣುಗಳು ಸರಪಳಿಗಳ ನಡುವೆ ನುಸುಳಿ ಅವನ್ನು ಸಡಿಲ ಮಾಡುತ್ತವೆ. ಗಾಜಿನಂತೆ ಬಿಗಿಯಾಗಿದ್ದ ಮಿಶ್ರಣ ಮೊದಲಿಗಿಂತ ಕಡಿಮೆ ಉಷ್ಣತೆಯಲ್ಲೇ ಮೆತ್ತಗಾಗುತ್ತದೆ. ಔಷಧಿಯ ಅಣುಗಳಿಗೆ ಓಡಾಡಲು ಜಾಗ ಸಿಕ್ಕಿತೋ, ಒಂದನ್ನೊಂದು ಹುಡುಕಿಕೊಂಡು ಹರಳು ಕಟ್ಟಲು ಶುರು. ಕೆಲವೊಮ್ಮೆ ಪಾಲಿಮರಿನಲ್ಲಿ ಔಷಧಿ ಹಿಡಿದುಕೊಂಡಿದ್ದ ಜಾಗಕ್ಕೇ ಸರ್ಫ್ಯಾಕ್ಟೆಂಟ್ ಬಂದು ಕೂರುತ್ತದೆ. ಇನ್ನು ಕೆಲವೊಮ್ಮೆ ತಾನೇ ಬೇರೆಯಾಗಿ ಅಲ್ಲಲ್ಲಿ ಗುಂಪುಗೂಡುತ್ತದೆ. ಹರಳು ಕಟ್ಟಿದ್ದು ಕಣ್ಣಿಗೆ ಕಾಣುವಂಥದ್ದಲ್ಲ. ಎಕ್ಸ್-ರೇ ಹಾಯಿಸಿದಾಗ ಸಿಗುವ ಗ್ರಾಫಿನಲ್ಲಿ ಅಗಲವಾದ ಒಂದೇ ದಿಬ್ಬ ಬಂದರೆ ಹರಳಿಲ್ಲ, ಚೂಪಾದ ಮೊನೆಗಳು ಎದ್ದರೆ ಹರಳಾಗಿದೆ. ಹಾಗಾಗಿ ಎಷ್ಟು ಹಾಕಬೇಕು, ಯಾವುದನ್ನು ಹಾಕಬೇಕು ಅನ್ನುವುದೇ ದೊಡ್ಡ ತಲೆನೋವು. ಒಂದು ಔಷಧಿಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದುವ ಖಾತ್ರಿ ಇಲ್ಲ.

ನೀರಿನ ತೇವವೂ ಇದೇ ರೀತಿ ಸಡಿಲ ಮಾಡುತ್ತದೆ, ಎರಡೂ ಸೇರಿದರೆ ಜಾಸ್ತಿ. ಲ್ಯಾಬಿನಲ್ಲಿ ಮಾತ್ರೆಗಳನ್ನು 40 ಡಿಗ್ರಿ ಸೆಲ್ಸಿಯಸ್, ಶೇ. 75 ತೇವದಲ್ಲಿ 6 ತಿಂಗಳು ಇಟ್ಟು ಪರೀಕ್ಷಿಸುತ್ತಾರೆ. ಆಗುಂಬೆ, ಹೊಸನಗರದ ಕಡೆ ಜುಲೈನಲ್ಲಿ ಅಷ್ಟು ಸೆಕೆ ಇರುವುದಿಲ್ಲ ನಿಜ, ಆದರೆ ಗಾಳಿಯ ತೇವ ಅದನ್ನೂ ಮೀರುತ್ತದೆ. ಇಂಥ ಮಾತ್ರೆಯನ್ನು ಮೊದಲೇ ಸ್ಟ್ರಿಪ್‌ನಿಂದ ಬಿಡಿಸಿ ವಾರದ ಡಬ್ಬಿಗೆ ತುಂಬಿಡಬೇಡಿ, ನುಂಗುವ ಹೊತ್ತಿಗೆ ಬಿಡಿಸಿದರೆ ಸಾಕು.