ಫ್ಯಾನ್ ಒಂದು ಸೆಕೆಂಡ್ ತಿರುಗಿ ನಿಂತರೆ ಮದರ್‌ಬೋರ್ಡ್ ಹೋಯಿತೆಂದೇ ಲೆಕ್ಕವೇ?

ಪ್ರಶ್ನೆ: ಗಿಣಿಗೇರಾದಲ್ಲಿ ಝೆರಾಕ್ಸ್ ಅಂಗಡಿ ಇದೆ. ಕಂಪ್ಯೂಟರಿನ ಬಟನ್ ಒತ್ತಿದರೆ ಫ್ಯಾನ್ ಒಂದು ಸೆಕೆಂಡ್ ತಿರುಗಿ ನಿಂತುಬಿಡುತ್ತದೆ. ಮತ್ತೆ ಒತ್ತಿದರೆ ಏನೂ ಇಲ್ಲ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅದೇ ಕಥೆ. ರಿಪೇರಿಯವರು ಬೋರ್ಡ್ ಹೋಗಿದೆ ಅನ್ನುತ್ತಾರೆ. ನಿಜವೇ?

ಉತ್ತರ: ಇಷ್ಟನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ. ಒಂದು ಸೆಕೆಂಡಾದರೂ ಫ್ಯಾನ್ ತಿರುಗಿತು ಎಂದರೆ ಬಟನ್ ಸರಿಯಿದೆ, ಬೋರ್ಡಿನಿಂದ ಎಸ್‌ಎಂಪಿಎಸ್‌ಗೆ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಆನ್ ಆಗುವ ಸೂಚನೆಯೂ ಹೋಗಿದೆ. ಆಮೇಲೆ ಎಲ್ಲೋ ಶಾರ್ಟ್ ಕಂಡು ಎಸ್‌ಎಂಪಿಎಸ್ ತಾನಾಗಿಯೇ ಬಂದ್ ಆಗಿರಬೇಕು. ಪ್ಲಗ್ ಕಿತ್ತು ಹಾಕುವ ತನಕ ಅದು ಮತ್ತೆ ಏಳದಿರುವುದು ಈ ರಕ್ಷಣೆಯದ್ದೇ ಲಕ್ಷಣ. ಹಾಗಾಗಿ ಹುಡುಕಬೇಕಾದ್ದು ಶಾರ್ಟ್ ಎಲ್ಲಿದೆ ಎಂಬುದನ್ನು. ಇಲ್ಲದಿದ್ದರೆ ಎಸ್‌ಎಂಪಿಎಸ್ಸೇ ಸೋತಿರಬಹುದು.

ನಿಮ್ಮ ಊರಿನ ಮಟ್ಟಿಗೆ ಮೊದಲ ಅನುಮಾನ ಧೂಳಿನ ಮೇಲೆ. ಸ್ಪಾಂಜ್ ಐರನ್ ಕಾರ್ಖಾನೆಗಳ ಸುತ್ತ ಹಾರುವ ಕಪ್ಪು ಪುಡಿಯಲ್ಲಿ ಕಬ್ಬಿಣ, ಕಲ್ಲಿದ್ದಲು ಎರಡೂ ಇರುತ್ತವೆ. ಮನೆಯ ಮಾಮೂಲಿ ಧೂಳಿನಂತಲ್ಲ, ಇದರಲ್ಲಿ ಕರೆಂಟ್ ಹರಿಯಬಲ್ಲದು. ಮಳೆಗಾಲದ ತೇವ ಸೇರಿದರೆ ಇನ್ನೂ ಕಷ್ಟ. ಪ್ಲಗ್ ಕಿತ್ತು, ಉಳಿದ ಚಾರ್ಜ್ ಇಳಿಯಲು ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ನಂತರ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಲಿ; ಗಾಳಿಗೆ ಗಿರ್ರನೆ ತಿರುಗಿದರೆ ಬೇರಿಂಗ್ ಕೆಡಬಹುದು. ರ‍್ಯಾಮ್ ಸ್ಲಾಟಿನೊಳಗೆ, ಪ್ರೊಸೆಸರ್ ಸುತ್ತ ಕೂತದ್ದನ್ನು ಒಣಗಿದ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ.

ಇಷ್ಟಕ್ಕೆ ಸರಿಹೋಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ಒಣ ರಟ್ಟಿನ ಮೇಲಿಡಿ. ಬೋರ್ಡಿನ ಜತೆ ಬರುವ ಬೆಳ್ಳಿ ಬಣ್ಣದ ಕವರ್ ಮೇಲೆ ಬೇಡ, ಅದರಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಅದರ ಕೂಲರ್, ಒಂದೇ ರ‍್ಯಾಮ್, 24 ಪಿನ್ನಿನ ಕೇಬಲ್, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕೇಬಲ್ ಇಷ್ಟೇ ಇರಲಿ. ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಮಾತ್ರ ಮುಟ್ಟಿಸಿ. ಫ್ಯಾನ್ ನಿಲ್ಲದೆ ತಿರುಗಿದರೆ ಬೋರ್ಡ್ ಬದುಕಿದೆ. ತಪ್ಪು ಕ್ಯಾಬಿನೆಟ್‌ನಲ್ಲಿ ಅಥವಾ ನೀವು ಬಿಚ್ಚಿಟ್ಟ ವಸ್ತುಗಳಲ್ಲಿದೆ. ಬೋರ್ಡಿನಲ್ಲಿ ತೂತಿಲ್ಲದ ಕಡೆ ಕೆಳಗೊಂದು ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ) ಉಳಿದು ಬೆನ್ನಿಗೆ ತಾಗುತ್ತಿದೆಯೇ ನೋಡಿ. ಬಿಚ್ಚಿದ್ದನ್ನು ಒಂದೊಂದಾಗಿ ಜೋಡಿಸುತ್ತಾ ಹೋಗಿ, ಪ್ರತಿ ಸಲವೂ ಪ್ಲಗ್ ಕಿತ್ತ ಮೇಲೆ.

ಹೊರಗಿಟ್ಟರೂ ಹಾಗೇ ನಿಲ್ಲುತ್ತಿದೆಯೇ? ಹಾಗಿದ್ದರೆ ಸರಿಯಿರುವ ಬೇರೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೇ ನೇರ ದಾರಿ. ಸಿಗದಿದ್ದರೆ, 24 ಪಿನ್ನಿನ ಕೇಬಲನ್ನು ಬೋರ್ಡಿನಿಂದ ಕಿತ್ತು ಅದರ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ತಂತಿ ಸೇರಿಸಿ, ಆಮೇಲೆ ಸ್ವಿಚ್ ಹಾಕಿ. ಲೋಡಿಗೆ ಹಳೇ ಹಾರ್ಡ್ ಡಿಸ್ಕ್ ಒಂದಿರಲಿ. ಮಲ್ಟಿಮೀಟರಿನಲ್ಲಿ ಹಳದಿ ವೈರ್ 11.4ರಿಂದ 12.6, ಕೆಂಪು 4.75ರಿಂದ 5.25 ವೋಲ್ಟ್ ಒಳಗಿರಬೇಕು. ಎಲ್ಲಾ ವೈರು ಕಪ್ಪಗಿದ್ದರೆ ಅಂದಾಜಿನ ಮೇಲೆ ತಂತಿ ಸಿಕ್ಕಿಸಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿನಷ್ಟು ನಿಂತಿರಬಹುದು.

ಬೋರ್ಡಿನ ಮೇಲಿರುವ ಬಿಲ್ಲೆಯಂಥ ಸೆಲ್ ಬದಲಿಸಿ ಎಂಬ ಸಲಹೆ ಕಂಡಕಂಡಲ್ಲಿ ಸಿಗುತ್ತದೆ. ಸೆಲ್ ಸತ್ತರೆ ಸಾಮಾನ್ಯವಾಗಿ ತಾರೀಖು, ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ ತಂತ್ರಾಂಶ) ಸೆಟ್ಟಿಂಗ್ ಹೋಗುತ್ತವೆ ಅಷ್ಟೇ; ಈ ತೊಂದರೆಗೆ ಅದು ಮದ್ದಾಗುವುದು ಅಪರೂಪ.

ಬೋರ್ಡೇ ಹೋಗಿದೆಯೇ ಎಂದು ತಿಳಿಯಲು ಪ್ಲಗ್ ಕಿತ್ತು, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕೇಬಲ್ ತೆಗೆದು, ಬೋರ್ಡಿನ ಸಾಕೆಟ್‌ನಲ್ಲಿ ಹಳದಿ ವೈರ್ ಕೂರುವ ಪಿನ್ನಿಗೂ ಕಪ್ಪು ವೈರ್ ಕೂರುವ ಪಿನ್ನಿಗೂ ಮಲ್ಟಿಮೀಟರ್ ಹಚ್ಚಿ ಬೀಪ್ ಪರೀಕ್ಷೆ (ಎರಡೂ ಕಡೆ ನೇರ ಸೇರಿದ್ದರೆ ಮೀಟರ್ ಕೂಗುತ್ತದೆ) ಮಾಡಿ. ಬಿಡದೆ ಕೂಗಿದರೆ ಪ್ರೊಸೆಸರಿಗೆ ಕರೆಂಟ್ ಕೊಡುವ ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಪುಟ್ಟ ಬಿಡಿಭಾಗ) ಶಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಆಗ ರಿಪೇರಿಯವರ ಮಾತು ನಿಜ. ಆ ಬೋರ್ಡಿಗೆ ಬೇರೆ ಪ್ರೊಸೆಸರ್ ಹಾಕಿ ನೋಡುವ ಸಾಹಸ ಬೇಡ; 12 ವೋಲ್ಟ್ ನೇರವಾಗಿ ನುಗ್ಗಿ ಅದೂ ಸುಟ್ಟೀತು.