ಅಪರಾಜಿತ: ಬಾಕ್ಸಿಂಗ್ ದಾಖಲೆಯ ಆ ಸೊನ್ನೆಯೊಳಗೆ ಏನಿದೆ?

ಕನ್ನಡದ ಕ್ರೀಡಾಪುಟಗಳಲ್ಲಿ ‘ಅಜೇಯ’ ಎಂಬ ಪದಕ್ಕೆ ಪುರುಸೊತ್ತೇ ಇಲ್ಲ. ಔಟಾಗದೆ ಉಳಿದ ಬ್ಯಾಟರ್ ಅಜೇಯ, ಲೀಗ್‌ನಲ್ಲಿ ಸೋಲದ ತಂಡ ಅಜೇಯ, ಒಮ್ಮೆಯೂ ಸೋಲದೆ ಗ್ಲೌಸ್ ಕಳಚಿಟ್ಟ ಬಾಕ್ಸರ್ ಕೂಡ ಅಜೇಯ. ಪದದ ಮೂಲಾರ್ಥ ಮಾತ್ರ ಬೇರೆ. ಜೇಯ ಎಂದರೆ ಗೆಲ್ಲಬಹುದಾದದ್ದು, ಅಜೇಯ ಎಂದರೆ ಯಾರೂ ಗೆಲ್ಲಲಾಗದ್ದು. ‘ಸೋತಿಲ್ಲ’ ಎಂದಷ್ಟೇ ಹೇಳಲು ಇರುವ ಪದ ಅಪರಾಜಿತ. ಮೊದಲನೆಯದು ಸಾಮರ್ಥ್ಯದ ಮಾತು, ಎರಡನೆಯದು ಬರೀ ಲೆಕ್ಕದ ಮಾತು. ಸೋಲು ಕಾಣದೆ ನಿವೃತ್ತರಾದ ಚಾಂಪಿಯನ್ನರ ಹಿರಿಮೆ ಎಷ್ಟು ಎಂಬ ಜಗಳ ಹೆಚ್ಚಾಗಿ ಹುಟ್ಟುವುದು ಇವೆರಡನ್ನೂ ಒಂದೇ ಎಂದುಕೊಂಡಾಗ. ದಾಖಲೆ ಹೇಳುವುದು ಅಪರಾಜಿತ ಎಂದು. ಅಭಿಮಾನಿ ಓದಿಕೊಳ್ಳುವುದು ಅಜೇಯ ಎಂದು.

ಲೆಕ್ಕ ಬರೆಯುವ ಕ್ರಮ ಸರಳ: ಗೆಲುವು, ಸೋಲು, ಡ್ರಾ. ಅಮೆರಿಕದ ಫ್ಲಾಯ್ಡ್ ಮೇವೆದರ್ 2017ರಲ್ಲಿ ತಲುಪಿದ್ದು 50–0, ಅದರಲ್ಲಿ ನಾಕೌಟ್ 27. 1950ರ ದಶಕದ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ 49–0, ನಾಕೌಟ್ 43. ಮೆಕ್ಸಿಕೊದ ರಿಕಾರ್ಡೊ ಲೋಪೆಸ್ 51–0–1. ಲೋಪೆಸ್‌ಗೆ ಆ ಕೊನೆಯ ಒಂದು ಬಂದದ್ದು 1998ರ ಮಾರ್ಚ್‌ನಲ್ಲಿ. ರೊಸೆಂಡೊ ಆಲ್ವಾರೆಸ್ ಜೊತೆಗಿನ ಪಂದ್ಯದಲ್ಲಿ ತಲೆಗೆ ತಲೆ ಬಡಿದು ಗಾಯವಾಗಿ, ಆಟ ಅರ್ಧಕ್ಕೆ ನಿಂತು, ಅದುವರೆಗಿನ ಅಂಕ ಕೂಡಿದಾಗ ಸಮ ಬಂತು. ಇದಕ್ಕೆ ತಾಂತ್ರಿಕ ಡ್ರಾ ಎನ್ನುತ್ತಾರೆ. ಡ್ರಾ ಇದ್ದರೂ ‘ಅಪರಾಜಿತ’ ಎಂಬ ಮಾತಿಗೆ ಭಂಗವಿಲ್ಲ, ಆದರೆ ‘ಎಲ್ಲ ಗೆದ್ದವನು’ ಎನ್ನುವಂತಿಲ್ಲ.

ಈ ಲೆಕ್ಕದಲ್ಲಿ ಸೇರದ ಪಂದ್ಯಗಳೂ ಇವೆ. ಅಮೆಚೂರ್ ಕಾಲದ ಸೋಲು ಲೆಕ್ಕಕ್ಕಿಲ್ಲ. ಮೇವೆದರ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಬಲ್ಗೇರಿಯಾದ ಸೆರಾಫಿಮ್ ತೊದೊರೊವ್ ಎದುರು 10–9ರಿಂದ ಸೋತು ಕಂಚಿಗೆ ತೃಪ್ತರಾದರು. 50–0ರಲ್ಲಿ ಅದರ ಸುಳಿವೂ ಇಲ್ಲ. ಪ್ರದರ್ಶನ ಪಂದ್ಯಗಳೂ ಸೇರುವುದಿಲ್ಲ. ಹಾಗಾದರೆ ಬಾಕ್ಸಿಂಗ್‌ನಲ್ಲಿ ಒಂದೂ ವೃತ್ತಿಪರ ಪಂದ್ಯ ಆಡಿರದ, ಮಿಶ್ರ ಸಮರಕಲೆಯ (ಎಂಎಂಎ) ಹೋರಾಟಗಾರ ಕಾನರ್ ಮೆಕ್‌ಗ್ರೆಗರ್ ಮೇಲಿನ ಗೆಲುವು 50ನೆಯದು ಎಂದು ಎಣಿಕೆಯಾದದ್ದು ಹೇಗೆ? ಪಂದ್ಯ ನಡೆದ ಅಮೆರಿಕದ ನೆವಾಡಾ ರಾಜ್ಯದ ಕ್ರೀಡಾ ಆಯೋಗ ಅದಕ್ಕೆ ವೃತ್ತಿಪರ ಪಂದ್ಯವೆಂದು ಅನುಮತಿ ಕೊಟ್ಟಿತ್ತು, ಅಷ್ಟೆ. ನಿಯಮದ ಪ್ರಕಾರ ಅದು ಗೆಲುವೇ. ಮಾರ್ಸಿಯಾನೊನ 49ನ್ನು ದಾಟಿದ್ದಕ್ಕೆ ಇದು ಪುರಾವೆ ಎಂದರೆ ನಗು ಬರುತ್ತದೆ.

ಸೊನ್ನೆ ಎಷ್ಟು ತೆಳುವಾದ ಗೆರೆಯ ಮೇಲೆ ನಿಂತಿರುತ್ತದೆ ಎಂದು ತಿಳಿಯಲು ಒಂದು ಅಂಕಪಟ್ಟಿ ಬಿಡಿಸಿ ನೋಡಬೇಕು. ಚಾಂಪಿಯನ್‌ಷಿಪ್ ಪಂದ್ಯಕ್ಕೆ ಈಗ 12 ಸುತ್ತು (ಹಿಂದಿನ ಕಾಲದಲ್ಲಿ ಇದಕ್ಕಿಂತ ಹೆಚ್ಚಿರುತ್ತಿದ್ದವು), ಮೂವರು ತೀರ್ಪುಗಾರರು. ಸುತ್ತು ಗೆದ್ದವನಿಗೆ 10, ಸೋತವನಿಗೆ 9. ಆ ಸುತ್ತಿನಲ್ಲಿ ಒಮ್ಮೆ ಕೆಳಗೆ ಬಿದ್ದಿದ್ದರೆ ಸಾಮಾನ್ಯವಾಗಿ 8. 2016ರ ನವೆಂಬರ್ 19ರಂದು ಲಾಸ್ ವೇಗಸ್‌ನಲ್ಲಿ ಆಂಡ್ರೆ ವಾರ್ಡ್, ಸೆರ್ಗೆಯ್ ಕೊವಲೆವ್ ಎದುರು ಎರಡನೇ ಸುತ್ತಿನಲ್ಲೇ ಬಿದ್ದರು. ಕೊನೆಗೆ ಮೂವರೂ ತೀರ್ಪುಗಾರರು 114–113 ಎಂದು ವಾರ್ಡ್‌ಗೆ ಗೆಲುವು ಕೊಟ್ಟರು. ಕೂಡಿ ನೋಡಿ. ವಾರ್ಡ್ ಗೆದ್ದ 7 ಸುತ್ತಿಗೆ 70, ಬಿದ್ದ ಸುತ್ತಿಗೆ 8, ಸೋತ ಉಳಿದ ನಾಲ್ಕಕ್ಕೆ 36, ಒಟ್ಟು 114. ಕೊವಲೆವ್‌ಗೆ ಗೆದ್ದ ಐದಕ್ಕೆ 50, ಸೋತ ಏಳಕ್ಕೆ 63, ಒಟ್ಟು 113. ಈಗ ವಾರ್ಡ್ ಗೆದ್ದ ಏಳರಲ್ಲಿ ಯಾವುದಾದರೂ ಒಂದು ಸುತ್ತನ್ನು ಕೊವಲೆವ್ ಕಡೆಗೆ ಸರಿಸಿ: ಲೆಕ್ಕ 113–114 ಆಗುತ್ತದೆ. ಮೂರು ನಿಮಿಷದ ಒಂದೇ ಒಂದು ಸುತ್ತು ಇಬ್ಬರು ತೀರ್ಪುಗಾರರ ಕಣ್ಣಿಗೆ ಬೇರೆಯಾಗಿ ಕಂಡಿದ್ದರೆ ವಾರ್ಡ್ ನಿವೃತ್ತರಾಗುವಾಗ 32–0 ಇರುತ್ತಿರಲಿಲ್ಲ. ಮೂವರದೂ ಒಂದೇ ತೀರ್ಪಾದ್ದರಿಂದ ಇದು ‘ಸರ್ವಾನುಮತ’ ಎಂದು ದಾಖಲಾಗಿದೆ. ಆ ಪದ ನೋಡಿ ಏಕಪಕ್ಷೀಯ ಪಂದ್ಯವೆಂದು ತಿಳಿದರೆ ಮೋಸ ಹೋದಂತೆ.

ಇಂಥ ಕೂದಲೆಳೆಯ ಗೆಲುವು ಸೋಲಿಲ್ಲದ ದಾಖಲೆಗಳಲ್ಲೆಲ್ಲ ಒಂದೆರಡಾದರೂ ಸಿಗುತ್ತವೆ. ಮಾರ್ಸಿಯಾನೊ 1950ರ ಮಾರ್ಚ್‌ನಲ್ಲಿ ರೋಲಂಡ್ ಲಾ ಸ್ಟಾರ್ಝಾ ವಿರುದ್ಧ 10 ಸುತ್ತು ಆಡಿದಾಗ ಒಬ್ಬ ತೀರ್ಪುಗಾರ ಇವನಿಗೆ, ಇನ್ನೊಬ್ಬ ಅವನಿಗೆ ಕೊಟ್ಟರು. ಮೂರನೇ ತೀರ್ಪು ಕೊಡಬೇಕಿದ್ದ ರೆಫರಿಯ ಎಣಿಕೆಯಲ್ಲಿ ಸುತ್ತುಗಳು 5–5 ಸಮವಾಗಿ, ಪೂರಕ ಅಂಕಗಳ ಮೇಲೆ ಮಾರ್ಸಿಯಾನೊ ಪಾರಾದರು. ಮೇವೆದರ್‌ಗೆ 2002ರ ಏಪ್ರಿಲ್‌ನ ಹೋಸೆ ಲೂಯಿಸ್ ಕಾಸ್ಟಿಯೊ ಪಂದ್ಯ ಹಾಗೆಯೇ. ತೀರ್ಪುಗಾರರು ಮೂವರೂ ಮೇವೆದರ್‌ಗೆ ಕೊಟ್ಟರೂ ಗೆದ್ದದ್ದು ಕಾಸ್ಟಿಯೊ ಎನ್ನುವವರು ಇಂದಿಗೂ ಬಹಳ ಮಂದಿ. ಹೀಗಾದಾಗ ನೋಡಬೇಕಾದ್ದು ಮರುಪಂದ್ಯ ನಡೆಯಿತೇ ಎಂದು. ಮೇವೆದರ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಸ್ಟಿಯೊನನ್ನು ಮತ್ತೆ ಎದುರಿಸಿ ಗೆದ್ದರು. ಮಾರ್ಸಿಯಾನೊ 1953ರಲ್ಲಿ ಲಾ ಸ್ಟಾರ್ಝಾನನ್ನು 11ನೇ ಸುತ್ತಿನಲ್ಲಿ ನಿಲ್ಲಿಸಿದರು. ವಾರ್ಡ್ 2017ರ ಜೂನ್‌ನಲ್ಲಿ ಕೊವಲೆವ್ ಆಟವನ್ನು ಎಂಟನೇ ಸುತ್ತಿಗೇ ಮುಗಿಸಿದರು. ಅನುಮಾನದ ಗೆಲುವಿನ ಬಳಿಕ ಅದೇ ಎದುರಾಳಿಗೆ ಮತ್ತೆ ಬಾಗಿಲು ತೆರೆದವನ ಸೊನ್ನೆಗೆ ತೂಕ ಜಾಸ್ತಿ. ಅತ್ತ 2007ರಲ್ಲಿ ಆಸ್ಕರ್ ಡಿ ಲಾ ಹೋಯಾ ಎದುರು ಮೇವೆದರ್‌ಗೆ ಸಿಕ್ಕಿದ್ದು ವಿಭಜಿತ ತೀರ್ಪಿನ ಗೆಲುವು, ಅಂದರೆ ಮೂವರಲ್ಲಿ ಒಬ್ಬ ತೀರ್ಪುಗಾರ ಎದುರಾಳಿಗೆ ಕೊಟ್ಟಿದ್ದ. ಅದಕ್ಕೆ ಮರುಪಂದ್ಯ ನಡೆಯಲೇ ಇಲ್ಲ.

ಇನ್ನು ‘ಯಾರನ್ನು ಗೆದ್ದ’ ಎಂಬ ಮಾಮೂಲಿ ಪ್ರಶ್ನೆ. ಹೆಸರುಗಳ ಪಟ್ಟಿ ನೋಡಿ ಉತ್ತರ ಹೇಳುವುದು ಸುಲಭ, ಹಾಗಾಗಿ ತಪ್ಪುವುದೂ ಸುಲಭ. ಹೆಸರಿನ ಪಕ್ಕ ಮೂರು ಸಂಗತಿ ಬರೆದುಕೊಳ್ಳಬೇಕು: ಪಂದ್ಯದ ದಿನ ಎದುರಾಳಿಯ ವಯಸ್ಸು, ಅವನ ಸಹಜ ತೂಕ ವಿಭಾಗ, ಅದಕ್ಕೆ ಹಿಂದಿನ ಒಂದೆರಡು ವರ್ಷದಲ್ಲಿ ಅವನಿಗೆ ಏನಾಗಿತ್ತು ಎಂಬುದು. ಮಾರ್ಸಿಯಾನೊ 1951ರಲ್ಲಿ ಜೋ ಲೂಯಿಸ್‌ನನ್ನು ನಾಕೌಟ್ ಮಾಡಿದಾಗ ಲೂಯಿಸ್‌ಗೆ 37. ಮ್ಯಾನಿ ಪ್ಯಾಕಿಯಾವ್ ಜೊತೆಗಿನ ಮೇವೆದರ್ ಪಂದ್ಯದ ಮಾತುಕತೆ ಮೊದಲು ಮುರಿದುಬಿದ್ದದ್ದು ಉದ್ದೀಪನ ಮದ್ದು ಪತ್ತೆಯ ರಕ್ತಪರೀಕ್ಷೆಯ ತಕರಾರಿನಲ್ಲಿ. ಪಂದ್ಯ ಕೊನೆಗೆ ನಡೆದದ್ದು 2015ರ ಮೇ 2ರಂದು. ಅಷ್ಟರಲ್ಲಿ ಪ್ಯಾಕಿಯಾವ್‌ಗೆ 36 ಆಗಿತ್ತು, 2012ರಲ್ಲಿ ಹುವಾನ್ ಮಾನ್ಯುಯೆಲ್ ಮಾರ್ಕೆಸ್ ಕೈಯಲ್ಲಿ ನಾಕೌಟೂ ಆಗಿತ್ತು. (ಮೇವೆದರ್‌ಗೂ 38 ಆಗಿತ್ತು ಎಂಬುದನ್ನು ಟೀಕಾಕಾರರು ಮರೆಯುತ್ತಾರೆ.) ತೂಕದ ವಿಷಯಕ್ಕೆ ಬಂದರೆ, ಅದೇ ಮಾರ್ಕೆಸ್ ಜೊತೆ 2009ರಲ್ಲಿ ಮೇವೆದರ್ ಒಪ್ಪಿಕೊಂಡಿದ್ದ ಮಿತಿ 144 ಪೌಂಡ್. ತಕ್ಕಡಿ ಏರಿದಾಗ 146. ಹೆಚ್ಚುವರಿ ಪೌಂಡಿಗೆ 3 ಲಕ್ಷ ಡಾಲರ್‌ನಂತೆ 6 ಲಕ್ಷ ದಂಡ ಕೊಟ್ಟು, ಚಿಕ್ಕ ವಿಭಾಗದಿಂದ ಮೇಲೆ ಬಂದಿದ್ದ ಮಾರ್ಕೆಸ್‌ನನ್ನು ನಿರಾಯಾಸವಾಗಿ ಸೋಲಿಸಿದರು. ಆ ಗೆಲುವಿಗೆ ಕೊಡಬೇಕಾದ ಬೆಲೆಯಲ್ಲಿ ಆ ಎರಡು ಪೌಂಡನ್ನು ಕಳೆಯಲೇಬೇಕು.

ವಯಸ್ಸಿನ ವಾದವನ್ನು ಯಾಂತ್ರಿಕವಾಗಿ ಹಚ್ಚುವುದೂ ತಪ್ಪೇ. 1955ರ ಸೆಪ್ಟೆಂಬರ್‌ನಲ್ಲಿ ಮಾರ್ಸಿಯಾನೊನ ಕೊನೆಯ ಎದುರಾಳಿಯಾಗಿದ್ದ ಆರ್ಚಿ ಮೂರ್‌ಗೆ 40 ಹತ್ತಿರವಾಗಿತ್ತು. ‘ಮುದುಕನನ್ನು ಹೊಡೆದ’ ಎನ್ನುವವರಿದ್ದಾರೆ. ಹುಣಸೆಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ? ಮೂರ್ ಎರಡನೇ ಸುತ್ತಿನಲ್ಲಿ ಮಾರ್ಸಿಯಾನೊನನ್ನು ಕೆಳಕ್ಕೆ ಕೆಡವಿದರು, ಒಂಬತ್ತನೇ ಸುತ್ತಿನಲ್ಲಿ ತಾವು ಸೋತರು. ಅದಾಗಿ ಮೂರು ವರ್ಷದ ಮೇಲೆ, 1958ರಲ್ಲಿ, ಈವಾನ್ ಡುರೆಲ್ ಎದುರು ಮೊದಲ ಸುತ್ತಿನಲ್ಲೇ ಮೂರು ಸಲ ಬಿದ್ದರೂ ಎದ್ದು, 11ನೇ ಸುತ್ತಿನಲ್ಲಿ ಅವನನ್ನೇ ಮಲಗಿಸಿ ಲೈಟ್ ಹೆವಿವೇಟ್ ಪಟ್ಟ ಉಳಿಸಿಕೊಂಡರು.

ಎದುರಾಗದೇ ಹೋದವರ ಪಟ್ಟಿಯನ್ನು ದಾಖಲೆ ತೋರಿಸುವುದಿಲ್ಲ, ನಾವೇ ಬರೆದುಕೊಳ್ಳಬೇಕು. ವೇಲ್ಸ್‌ನ ಜೋ ಕಾಲ್ಜಾಗಿ 46–0, ಜರ್ಮನಿಯ ಸ್ವೆನ್ ಓಟ್ಕೆ 34–0. ಇಬ್ಬರದೂ ಸೂಪರ್ ಮಿಡ್ಲ್‌ವೇಟ್, ಮಿತಿ 168 ಪೌಂಡ್. 1998ರಿಂದ 2004ರವರೆಗೆ ಇಬ್ಬರೂ ಏಕಕಾಲಕ್ಕೆ ವಿಶ್ವ ಚಾಂಪಿಯನ್, ಕಾಲ್ಜಾಗಿಯದು ಡಬ್ಲ್ಯುಬಿಒ ಎಂಬ ಸಂಸ್ಥೆಯ ಬೆಲ್ಟ್, ಓಟ್ಕೆಯದು ಐಬಿಎಫ್ ಎಂಬ ಸಂಸ್ಥೆಯ ಬೆಲ್ಟ್. ಒಂದೇ ತೂಕ, ಒಂದೇ ಕಾಲ, ಎರಡು ಸೊನ್ನೆ! ಪರಸ್ಪರ ಆಡದಿದ್ದರೆ ಮಾತ್ರ ಇದು ಸಾಧ್ಯ, ಅವರು ಆಡಲೂ ಇಲ್ಲ. ನಾಲ್ಕು ಸಂಸ್ಥೆಗಳು ನಾಲ್ಕು ಬೆಲ್ಟ್ ಹಂಚುವ ಪದ್ಧತಿ ಸೊನ್ನೆಗಳನ್ನು ಕಾಪಾಡುವ ಪೆಟ್ಟಿಗೆಯಂತೆ ಕೆಲಸ ಮಾಡುತ್ತದೆ. ಕಾಲ್ಜಾಗಿ ಕೊನೆಕೊನೆಗೆ ಆ ಪೆಟ್ಟಿಗೆಯಿಂದ ಹೊರಬಂದರು: 2007ರಲ್ಲಿ, ಅದುವರೆಗೆ ಸೋತಿರದ ಮಿಕ್ಕೆಲ್ ಕೆಸ್ಲರ್‌ನನ್ನು ಸೋಲಿಸಿದರು, ಮರುವರ್ಷ ಅಮೆರಿಕಕ್ಕೆ ಹೋಗಿ ಬರ್ನಾರ್ಡ್ ಹಾಪ್ಕಿನ್ಸ್ ಎದುರು ಮೊದಲ ಸುತ್ತಿನಲ್ಲೇ ಬಿದ್ದು ವಿಭಜಿತ ತೀರ್ಪಿನಲ್ಲಿ ಗೆದ್ದರು. ಅವರ ಹಿರಿಮೆ ನಿಂತಿರುವುದು ಈ ಒಂದೆರಡು ರಾತ್ರಿಗಳ ಮೇಲೆಯೇ ಹೊರತು 46 ಎಂಬ ಅಂಕಿಯ ಮೇಲಲ್ಲ.

ಅಂಕಿಯೊಂದೇ ಸಾಕಾಗಿದ್ದರೆ ಡೆನ್ಮಾರ್ಕ್‌ನ ಬ್ರಯಾನ್ ನೀಲ್ಸನ್ ಹೆಸರು ಮನೆಮಾತಾಗಿರಬೇಕಿತ್ತು; ಹೆವಿವೇಟ್‌ನಲ್ಲಿ ಮಾರ್ಸಿಯಾನೊನಂತೆಯೇ 49–0 ತಲುಪಿ 1999ರಲ್ಲಿ ಸೋತವರು ಅವರು. ಥಾಯ್ಲೆಂಡ್‌ನ ವಾನ್‌ಹೆಂಗ್ ಮೆನಯೋತಿನ್ 54–0ರವರೆಗೆ ಹೋಗಿ 2020ರಲ್ಲಿ ಮೊದಲ ಸೋಲು ಕಂಡರು. ಇನ್ನೊಂದು ಕಡೆ, ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಗಳಲ್ಲಿ ಪದೇ ಪದೇ ಮೊದಲಿಗೆ ಬರುವ ಷುಗರ್ ರೇ ರಾಬಿನ್ಸನ್ 19 ಸಲ ಸೋತವರು. 1951ರ ಜುಲೈ 10ರಂದು ಲಂಡನ್‌ನಲ್ಲಿ ರ‍್ಯಾಂಡಿ ಟರ್ಪಿನ್‌ಗೆ ಪಟ್ಟ ಬಿಟ್ಟುಕೊಟ್ಟು, 64 ದಿನಗಳ ನಂತರ ನ್ಯೂಯಾರ್ಕ್‌ನಲ್ಲಿ ಅದೇ ಟರ್ಪಿನ್‌ನಿಂದ ಕಿತ್ತುಕೊಂಡರು. ಸೋಲದ ಬಾಕ್ಸರ್ ಬಗ್ಗೆ ಇಂಥ ಸಾಕ್ಷ್ಯ ಸಿಗುವುದೇ ಇಲ್ಲ. ಅವನ ವಿಷಯದಲ್ಲಿ ಹುಡುಕಬೇಕಾದ್ದು ಸೋಲುತ್ತಿದ್ದ ಪಂದ್ಯವನ್ನು ತಿರುಗಿಸಿದ ಗಳಿಗೆಯನ್ನು. ಮಾರ್ಸಿಯಾನೊ 1952ರಲ್ಲಿ ಜರ್ಸಿ ಜೋ ವಾಲ್ಕಾಟ್ ಎದುರು ಮೊದಲ ಸುತ್ತಿನಲ್ಲಿ ಬಿದ್ದು, 12 ಸುತ್ತು ಮುಗಿದಾಗ ಮೂರೂ ಅಂಕಪಟ್ಟಿಗಳಲ್ಲಿ ಹಿಂದಿದ್ದು, 13ನೆಯದರಲ್ಲಿ ಒಂದೇ ಬಲಗೈ ಹೊಡೆತಕ್ಕೆ ಪಟ್ಟ ಗೆದ್ದರು. ನನ್ನ ಮಟ್ಟಿಗೆ ಆ ಒಂದು ರಾತ್ರಿ, ಉಳಿದ 48ರ ಬಹುಪಾಲಿಗಿಂತ ಹೆಚ್ಚು ಹೇಳುತ್ತದೆ. ಬಲಹೀನ ಎದುರಾಳಿಗಳ ಮೇಲಿನ ಇಪ್ಪತ್ತು ನಾಕೌಟ್ ಎಣಿಸುವುದು ಗೆದ್ದೆತ್ತಿನ ಬಾಲ ಹಿಡಿದಂತೆ.

ಕೊನೆಗೆ ‘ನಿವೃತ್ತ’ ಎಂಬ ಪದ. ಅಪರಾಜಿತ ಎಂಬುದು ಇಂದಿನವರೆಗಿನ ಮಾತಾದ್ದರಿಂದ, ಬಾಕ್ಸರ್ ಮತ್ತೆ ರಿಂಗ್ ಹತ್ತದಿದ್ದರೆ ಮಾತ್ರ ಅದು ಗಟ್ಟಿ. ಮಾರ್ಸಿಯಾನೊ 1956ರ ಏಪ್ರಿಲ್ 27ರಂದು ನಿವೃತ್ತಿ ಹೇಳಿ, 1969ರಲ್ಲಿ ವಿಮಾನಾಪಘಾತದಲ್ಲಿ ಸಾಯುವವರೆಗೂ ಆ ಮಾತಿಗೆ ನಿಂತರು. ಅವರಿಗಿಂತ ಅರ್ಧ ಶತಮಾನ ಮೊದಲು ಜಿಮ್ ಜೆಫ್ರೀಸ್ ಕೂಡ ಹೆವಿವೇಟ್ ಪಟ್ಟವನ್ನು ಸೋಲದೆಯೇ ಬಿಟ್ಟು 1905ರಲ್ಲಿ ಮನೆಗೆ ಹೋಗಿದ್ದರು. ಕಪ್ಪು ಚಾಂಪಿಯನ್ ಜ್ಯಾಕ್ ಜಾನ್ಸನ್‌ನನ್ನು ಇಳಿಸಲು ಬಿಳಿಯನೊಬ್ಬ ಬೇಕೆಂಬ ಕೂಗಿಗೆ ಓಗೊಟ್ಟು ಐದು ವರ್ಷದ ಮೇಲೆ ಮರಳಿದರು. 1910ರ ಜುಲೈ 4ರಂದು ನೆವಾಡಾದ ರೀನೊದಲ್ಲಿ ಜಾನ್ಸನ್ 15ನೇ ಸುತ್ತಿನಲ್ಲಿ ಅವರನ್ನು ಮುಗಿಸಿದರು. ಜೆಫ್ರೀಸ್ ದಾಖಲೆಯಲ್ಲಿ ಸೊನ್ನೆ ಇದ್ದ ಜಾಗಕ್ಕೆ ಒಂದು ಬಂತು.